ರೊಟ್ಟಿಗೆ ಹೆದರುವ ಪಿಟಿ ಮಾಸ್ತರರು

ಕುಸ್ತಿಪಟು ವಿನೇಶ್ ಫೋಗಟ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫೈನಲ್‌ಗೆ ಮೊದಲು ರಾತ್ರಿಯಿಡೀ ಬೆವರಿಳಿಸಿದರು, ಕೂದಲನ್ನೂ ಕತ್ತರಿಸಿಕೊಂಡರು. ಆದರೂ 100 ಗ್ರಾಂ ಹೆಚ್ಚಾಗಿ ಅನರ್ಹರಾದರು. ಅವರಿಗೆ ತಕ್ಕಡಿ ಪಂದ್ಯದ ದಿನ ಮಾತ್ರ. ನಮ್ಮ ಪಿಟಿ ಮಾಸ್ತರರಿಗೆ, ಜಿಮ್ ಟ್ರೇನರ್‌ಗಳಿಗೆ ಜನರ ಕಣ್ಣೇ ದಿನವೂ ತಕ್ಕಡಿ. ಹೊಟ್ಟೆ ಬಂತೆಂದರೆ ನಗು.

ಅದಕ್ಕೇ ಊಟ ಬಿಡುವುದು, ಒಂದು ರೊಟ್ಟಿ ಹೆಚ್ಚು ತಿಂದರೆ ಕೊರಗುವುದು, ದಂಡವೆಂದು ಎರಡು ತಾಸು ಓಡುವುದು. ಇದನ್ನು ಶಿಸ್ತು ಅಂತ ಹೊಗಳಬೇಡಿ, ಕಾಯಿಲೆಯ ಬಾಗಿಲಿದು. ಹೀಗೆ ಅರೆಹೊಟ್ಟೆಯಲ್ಲಿ ದುಡಿದರೆ ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲಬಹುದು, ಮೂಳೆ ಸವೆಯಬಹುದು. ಮಾಸ್ತರರನ್ನು ನೋಡಿಯೇ ಮಕ್ಕಳು ಕಲಿಯುತ್ತಾರೆ.

ಬಿಪಿಎಡ್ ಕಲಿಸುವವರು ವ್ಯಾಯಾಮದಷ್ಟೇ ಇದನ್ನೂ ಕಲಿಸಲಿ ಎಂಬುದು ನಮ್ಮ ಒತ್ತಾಯ. ಇಬ್ರಾಹಿಂಪುರವಿರಲಿ, ತಿಕೋಟಾ ಇರಲಿ, ಜೋಳದ ರೊಟ್ಟಿ, ಹೆಸರುಕಾಳು, ಶೇಂಗಾ ಚಟ್ನಿ ಯಾರ ವೈರಿಯೂ ಅಲ್ಲ. ಊಟದ ಚಿಂತೆಯೇ ತಲೆ ತುಂಬಿದ್ದರೆ ಸರ್ಕಾರದ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. ಅದು ಉಚಿತ.