ಟರ್ಪಾಲಿನ ಮೇಲಿನ ಕೆರೆ

ಆಟಿಯ ಮಳೆಗೆ ಪುತ್ತೂರು, ಸುಳ್ಯ, ಕಡಬದ ಸರಕು ಲಾರಿ, ಪಿಕಪ್‌ಗಳು ಟರ್ಪಾಲು ಹೊದ್ದೇ ಹೊರಡುತ್ತವೆ. ಹಗ್ಗ ಸಡಿಲವಾದರೆ ನಡುವೆ ತಗ್ಗಾಗಿ ನೀರು ನಿಲ್ಲುತ್ತದೆ. ಒಂದು ಮೀಟರ್ ಉದ್ದ, ಅಷ್ಟೇ ಅಗಲದ ತಗ್ಗಿನಲ್ಲಿ ಐದು ಸೆಂಟಿಮೀಟರ್ ನೀರು ನಿಂತರೂ 50 ಲೀಟರ್. ತೂಕ 50 ಕಿಲೋ.

ಸಂಪಾಜೆ ದಾರಿಯ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಮುಂದಕ್ಕೆ ನುಗ್ಗಿದ್ದು ಚಾಲಕನ ಗಾಜಿನ ಮೇಲೆ ಸುರಿಯುತ್ತದೆ. ಪಕ್ಕಕ್ಕೆ ಚೆಲ್ಲಿದ್ದು ಬೈಕ್ ಸವಾರನ ಮುಖಕ್ಕೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಕಣ್ಣು ಕಾಣದಿದ್ದರೆ 22 ಮೀಟರ್ ಕುರುಡು ಪಯಣ.

ಹಿಮ ಬೀಳುವ ನಾಡಿನಲ್ಲೂ ಇದೇ ಕತೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1996ರಲ್ಲಿ ಲಾರಿಯ ಮೇಲಿಂದ ಹಾರಿದ ಮಂಜುಗಡ್ಡೆ ತಂದ ಅಪಘಾತದಲ್ಲಿ ತರುಣಿಯೊಬ್ಬಳು ಸತ್ತಳು. ವಾಹನದ ಮೇಲಿನ ಹಿಮ ತೆಗೆದೇ ಹೊರಡಬೇಕೆಂಬ ಕಾನೂನು ಅಲ್ಲಿ ಬಂದದ್ದು ಆಮೇಲೆ.

ಇಲ್ಲಿ ಅಷ್ಟಕ್ಕೆ ಕಾಯಬೇಕಿಲ್ಲ. ಮೂಟೆಗಳನ್ನು ನಡುವೆ ಎತ್ತರವಾಗಿ ಪೇರಿಸಿದರೆ ನೀರು ತಾನೇ ಇಳಿಯುತ್ತದೆ. ಚಹಾಕ್ಕೆ ನಿಲ್ಲಿಸಿದ ಗಾಡಿ ಮತ್ತೆ ಹೊರಡುವ ಮುನ್ನ ನಿಂತ ನೀರು ಚೆಲ್ಲಿ, ಹಗ್ಗ ಬಿಗಿದರೆ ಸಾಕು. ಹಿಂದೆ ಬರುವವನೂ ಮನೆ ಮುಟ್ಟಬೇಕಲ್ಲ.