ರಾಜಕುಮಾರಿಯ ಬಟ್ಟೆ ನೋಡಿ, ಮೈ ಅಳೀಬೇಡಿ

(1/8)
ಈ ಸಲದ ಸೀರೀಸ್ ಸ್ವಲ್ಪ ಉದ್ದ ಇದೆ, ಮೊದಲೇ ಹೇಳಿಬಿಡ್ತೀನಿ. ಬಸ್ಸಲ್ಲಿ ಓದ್ಕೊಳ್ಳಿ, ಇಲ್ಲಾಂದ್ರೆ ಸೇವ್ ಮಾಡಿಟ್ಕೊಂಡು ರಾತ್ರಿ ಓದಿ.

ನಿಮ್ಮ ಫೀಡಲ್ಲೂ ಬರ್ತಾ ಇರುತ್ತೆ ಅಲ್ವಾ, ಯುರೋಪಿನ ರಾಜಕುಮಾರಿಯರ ವಿಡಿಯೋಗಳು? ಕಾರಿಂದ ಇಳೀತಾರೆ, ನಗ್ತಾರೆ, ಕೈ ಬೀಸ್ತಾರೆ, ಹಿಂದೆ ಯಾವುದೋ ಟ್ರೆಂಡಿಂಗ್ ಹಾಡು. ಕೆಳಗೆ ಕಮೆಂಟುಗಳು: "ಈ ಡ್ರೆಸ್ ಅಜ್ಜಿ ಥರ ಇದೆ", "ಸ್ವಲ್ಪ ದಪ್ಪ ಆಗಿದ್ದಾಳೆ", "ಅಕ್ಕನಿಗಿಂತ ತಂಗಿನೇ ಚೆನ್ನಾಗಿದ್ದಾಳೆ". ಇಂಗ್ಲಿಷಲ್ಲೂ ಇರುತ್ತೆ, ಕನ್ನಡದಲ್ಲೂ ಇರುತ್ತೆ. ನಮ್ಮ ವಯಸ್ಸಿನವರೇ ಬರೆದಿರ್ತಾರೆ.

ಅವರ ಬಟ್ಟೆ ಬಗ್ಗೆ ಮಾತಾಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಆ ಬಟ್ಟೆ ನಾವು ನೋಡಲಿ ಅಂತಾನೇ ಆರಿಸಿದ್ದು. ಅದಕ್ಕೊಂದು ಅರ್ಥ ಇದೆ, ಎಷ್ಟೋ ಸಲ ಅದರ ಹಿಂದೆ ಜನರ ತೆರಿಗೆ ಹಣವೂ ಇದೆ. ಹಾಗಾಗಿ ಚರ್ಚೆ ಮಾಡಿ, ಪ್ರಶ್ನೆ ಕೇಳಿ. ಆದ್ರೆ ಬಟ್ಟೆ ಒಂದು, ಆ ಬಟ್ಟೆಯೊಳಗಿರೋ ಹುಡುಗಿಯ ಮೈ ಇನ್ನೊಂದು. ಮೊದಲನೆಯದರ ಬಗ್ಗೆ ಎಷ್ಟು ಬೇಕಾದ್ರೂ ಮಾತಾಡೋಣ. ಎರಡನೆಯದು ನಮಗೆ ಸಂಬಂಧಪಟ್ಟಿದ್ದಲ್ಲ. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ, ಸ್ವೈಪ್ ಮಾಡ್ತಾ ಬನ್ನಿ.

(2/8)
2023ರ ಅಕ್ಟೋಬರ್ ತಿಂಗಳು ತಗೊಳ್ಳಿ. ಆ ಒಂದೇ ತಿಂಗಳಲ್ಲಿ ಇಬ್ಬರಿಗೆ 18 ತುಂಬಿತು. 15ನೇ ತಾರೀಕು ಡೆನ್ಮಾರ್ಕಿನ ರಾಜಕುಮಾರ ಕ್ರಿಶ್ಚಿಯನ್‌ಗೆ, 31ನೇ ತಾರೀಕು ಸ್ಪೇನಿನ ರಾಜಕುಮಾರಿ ಲಿಯೊನೋರ್‌ಗೆ. ಇಬ್ಬರೂ 2005ರಲ್ಲಿ ಹುಟ್ಟಿದವರು, ಇಬ್ಬರೂ ಮುಂದೆ ಸಿಂಹಾಸನ ಏರಬೇಕಾದವರು.

ಕ್ರಿಶ್ಚಿಯನ್‌ಗೆ ಕೋಪನ್‌ಹೇಗನ್‌ನಲ್ಲಿ ದೊಡ್ಡ ಗಾಲಾ ಔತಣ ಇತ್ತು. ಹುಡುಗರಿಗೆ ಅಂಥ ದಿನ ಏನು ಹಾಕೋದು ಅನ್ನೋದು ನೂರಾರು ವರ್ಷದಿಂದ ಹೆಚ್ಚುಕಡಿಮೆ ತೀರ್ಮಾನ ಆಗೋಗಿದೆ. ಕೋಟು, ಅಂಗಿ, ಬೋ, ಪದಕ, ಪಟ್ಟಿ, ಮುಗೀತು. ಅವನ ಸೊಂಟದ ಬಗ್ಗೆ ಯಾರೂ ಲೇಖನ ಬರೆಯೋಕೆ ಹೋಗಲ್ಲ.

ಲಿಯೊನೋರ್ ಅವತ್ತು ಮ್ಯಾಡ್ರಿಡ್‌ನ ಸಂಸತ್ತಿನಲ್ಲಿ ಸಂವಿಧಾನದ ಮೇಲೆ ಪ್ರಮಾಣ ಮಾಡಿದಳು. ಅವಳಪ್ಪ ಫೆಲಿಪೆ ಕೂಡ 1986ರಲ್ಲಿ ತನಗೆ 18 ತುಂಬಿದ ದಿನವೇ ಹೀಗೆ ಪ್ರಮಾಣ ಮಾಡಿದ್ದರು. ಅವಳು ಹಾಕಿದ್ದು ಬಿಳಿ ಪ್ಯಾಂಟ್ ಸೂಟ್. ಫ್ರಿಲ್ ಇಲ್ಲ, ಉದ್ದ ಗೌನ್ ಇಲ್ಲ. ನೆಟ್ಟಗೆ ನಿಂತು, ಕೈ ಮುಂದೆ ಮಾಡಿ ಪ್ರಮಾಣ ಓದುವ ಕೆಲಸಕ್ಕೆ ಎಂಥ ಬಟ್ಟೆ ಬೇಕೋ ಅಂಥದ್ದು.

ನನ್ನ ಪ್ರಕಾರ ಅದು ಸರಿಯಾದ ಆಯ್ಕೆ. ಅವತ್ತು ಅವಳು ಅಲ್ಲಿಗೆ ಬಂದದ್ದು ಚಂದ ಕಾಣೋಕಲ್ಲ, ಒಂದು ಹೊಣೆ ಹೊರೋಕೆ. ಫೋಟೋ ನೋಡಿದ ತಕ್ಷಣ ಅದು ಗೊತ್ತಾಗುತ್ತೆ. ಬಟ್ಟೆ ಬಗ್ಗೆ ಇಂಥ ಮಾತಾದ್ರೆ ಆಡಬಹುದು, ಕೇಳೋಕೂ ಚೆನ್ನಾಗಿರುತ್ತೆ.

(3/8)
ಇವರ ಬಟ್ಟೆ ಒಂಥರಾ ಯೂನಿಫಾರ್ಮ್ ಕಣ್ರೋ. ನೋಡೋಕೆ ಹಾಗನ್ನಿಸಲ್ಲ, ಅಷ್ಟೇ.

ನೆದರ್ಲ್ಯಾಂಡ್ಸಲ್ಲಿ ಏಪ್ರಿಲ್ 27 ರಾಜನ ದಿನ. ಇಡೀ ದೇಶವೇ ಕಿತ್ತಳೆ ಬಣ್ಣ, ಯಾಕಂದ್ರೆ ರಾಜಮನೆತನದ ಹೆಸರೇ ಆರೇಂಜ್. ಅಮಾಲಿಯಾ, ಅಲೆಕ್ಸಿಯಾ, ಅರಿಯಾನೆ ಮೂವರೂ ಚಿಕ್ಕಂದಿನಿಂದ ಆ ದಿನ ಜನರ ಮಧ್ಯೆ ನಡೀಬೇಕು, ಕೈ ಕುಲುಕಬೇಕು, ಆಟ ಆಡಬೇಕು. ನಾರ್ವೆಯಲ್ಲಿ ಮೇ 17 ರಾಷ್ಟ್ರೀಯ ದಿನ. ಅಲ್ಲಿ ಬುನಾಡ್ ಅಂತ ಒಂದೊಂದು ಪ್ರಾಂತ್ಯಕ್ಕೂ ಬೇರೆಬೇರೆ ಸಾಂಪ್ರದಾಯಿಕ ಉಡುಪು ಇದೆ, ಸಾಮಾನ್ಯ ಜನರೂ ಹಾಕ್ತಾರೆ, ರಾಜಕುಮಾರಿ ಇಂಗ್ರಿಡ್ ಅಲೆಕ್ಸಾಂಡ್ರಾನೂ ಹಾಕ್ತಾಳೆ. ಜಪಾನಿನ ಐಕೊ ಶಾಲೆಗೆ ಹೋಗ್ತಿದ್ದಾಗ ಎಲ್ಲ ಹುಡುಗಿಯರ ಹಾಗೆ ಸೇಲರ್ ಕಾಲರ್ ಯೂನಿಫಾರ್ಮಲ್ಲೇ ಕ್ಯಾಮೆರಾ ಮುಂದೆ ಬರ್ತಿದ್ಲು.

ಇನ್ನು ನಿಜವಾದ ಯೂನಿಫಾರ್ಮ್. 1945ರಲ್ಲಿ, ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ, 18 ವರ್ಷದ ಎಲಿಜಬೆತ್ ಬ್ರಿಟನ್ನಿನ ಮಹಿಳಾ ಸೇನಾ ಪಡೆಗೆ ಸೇರಿ ಲಾರಿ ಓಡಿಸೋದು, ರಿಪೇರಿ ಮಾಡೋದು ಕಲಿತರು. ಅದಕ್ಕೆ ಮೊದಲು ಚಿಕ್ಕವರಿದ್ದಾಗ ಅವರಿಗೂ ತಂಗಿ ಮಾರ್ಗರೆಟ್‌ಗೂ ಒಂದೇ ಥರದ ಬಟ್ಟೆ ಹಾಕಿಸ್ತಿದ್ರು, ಇಬ್ಬರ ನಡುವೆ ನಾಲ್ಕು ವರ್ಷ ಅಂತರ ಇದ್ರೂ. 2023ರ ಆಗಸ್ಟಲ್ಲಿ ಲಿಯೊನೋರ್ ಜರಗೋಜಾದ ಸೇನಾ ಅಕಾಡೆಮಿ ಸೇರಿದಳು. ಅಕ್ಟೋಬರ್ 12ರ ಪೆರೇಡಿಗೆ ಬಂದದ್ದು ಕೆಡೆಟ್ ಸಮವಸ್ತ್ರದಲ್ಲೇ. ಬೆಲ್ಜಿಯಮ್ಮಿನ ಎಲಿಜಬೆತ್ ಕೂಡ 2020ರಲ್ಲಿ ಹೀಗೇ ಮಿಲಿಟರಿ ಅಕಾಡೆಮಿಗೆ ಸೇರಿದ್ದಳು.

ಇವುಗಳಲ್ಲಿ ಯಾವುದನ್ನೂ "ನಂಗೆ ಇವತ್ತು ಇದು ಹಾಕ್ಕೋಬೇಕು ಅನ್ನಿಸ್ತು" ಅಂತ ಹಾಕಿದ್ದಲ್ಲ. ಹಬ್ಬಕ್ಕೆ, ಶಾಲೆಗೆ, ಪೆರೇಡಿಗೆ ಏನು ಹಾಕಬೇಕು ಅನ್ನೋದು ಮೊದಲೇ ನಿಗದಿ. ಹಾಗಿದ್ದಾಗ "ಅವಳಿಗೆ ಟೇಸ್ಟೇ ಇಲ್ಲ" ಅಂತ ಬರೆಯೋದು ಎನ್‌ಸಿಸಿ ಕೆಡೆಟ್‌ಗೆ ಖಾಕಿ ಸೂಟ್ ಆಗಲ್ಲ ಅಂತ ಬೈದ ಹಾಗೆ.

(4/8)
ಈಗ ಎಲ್ಲರಿಗೂ ಇಷ್ಟ ಆಗೋ ವಿಷಯ: ಟಿಯಾರಾ.

2022ರ ಜೂನ್ 17ರಂದು ಓಸ್ಲೋ ಅರಮನೆಯಲ್ಲಿ ಇಂಗ್ರಿಡ್ ಅಲೆಕ್ಸಾಂಡ್ರಾಳ 18ನೇ ಹುಟ್ಟುಹಬ್ಬದ ಔತಣ ನಡೀತು. ಹುಟ್ಟಿದ ದಿನ ಜನವರಿಯಲ್ಲಿ, ಕೋವಿಡ್‌ನಿಂದ ಪಾರ್ಟಿ ಜೂನಿಗೆ ಹೋಗಿತ್ತು. ಇಂಗ್ರಿಡ್ ತಲೆ ಮೇಲೆ ಟಿಯಾರಾ, ನೆದರ್ಲ್ಯಾಂಡ್ಸಿನ ಅಮಾಲಿಯಾ ತಲೆ ಮೇಲೆ, ಬೆಲ್ಜಿಯಮ್ಮಿನ ಎಲಿಜಬೆತ್ ತಲೆ ಮೇಲೂ. ಸ್ವೀಡನ್ನಿನ ಎಸ್ಟೆಲ್ ಮಾತ್ರ ಬರಿದಲೆ. ಯಾಕಂದ್ರೆ ಅವಳಿಗೆ ಆಗ ಬರೀ 10 ವರ್ಷ. ಈ ಮನೆತನಗಳಲ್ಲಿ ಸಾಮಾನ್ಯವಾಗಿ 18 ತುಂಬುವವರೆಗೆ ಟಿಯಾರಾ ಇಲ್ಲ.

ಒಪ್ತೀನಿ, ವಜ್ರದ ಕಿರೀಟ ನೋಡೋಕೆ ಮಜಾ ಇರುತ್ತೆ. ಆದ್ರೆ ಆ ಸಂಪ್ರದಾಯದಲ್ಲಿ ನಂಗೆ ಹಿಡಿಸಿದ್ದು ಬೇರೆ: 18 ಆಗೋವರೆಗೆ ನೀನಿನ್ನೂ ಮಗು ಅಂತ ಅರಮನೆಯೇ ಬಟ್ಟೆ ಮೂಲಕ ಹೇಳುತ್ತೆ. 13ಕ್ಕೇ 25ರ ಥರ ಕಾಣಬೇಕು ಅಂತ ನಮ್ಮ ಮೇಲೆ ರೀಲ್ಸ್ ಒತ್ತಡ ಹಾಕೋ ಕಾಲದಲ್ಲಿ, ಕಾಯೋಕೆ ಅವಕಾಶ ಸಿಗೋದು ಸಣ್ಣ ವಿಷಯ ಅಲ್ಲ. ನಮ್ಮ ಮನೆಗಳಲ್ಲೂ ಇದು ಗೊತ್ತಿರೋದೇ. ಲಂಗ ದಾವಣಿಗೆ ಒಂದು ವಯಸ್ಸು, ಸೀರೆಗೆ ಇನ್ನೊಂದು. ಫೇರ್‌ವೆಲ್ ದಿನ ಅಮ್ಮನ ಸೀರೆ ಉಟ್ಟು ಬಂದವರಿಗೆ ಆ ದಿನ ಬೇರೆಯೇ ಅನ್ನಿಸಿದ್ದು ಯಾಕೆ ಅಂತ ಯೋಚನೆ ಮಾಡಿ.

(5/8)
ನನಗೆ ಎಲ್ಲಕ್ಕಿಂತ ಇಷ್ಟವಾದ ಟಿಯಾರಾ ಯಾವುದು ಗೊತ್ತಾ? ಹೊಸದಾಗಿ ಮಾಡಿಸದೇ ಇದ್ದದ್ದು.

ಜಪಾನಿನಲ್ಲಿ ಚಕ್ರವರ್ತಿಯ ಮನೆತನದ ಹುಡುಗಿಗೆ 20 ತುಂಬಿದಾಗ ಹೊಸ ಟಿಯಾರಾ ಮಾಡಿಸೋ ರೂಢಿ ಇತ್ತು. 2021ರ ಡಿಸೆಂಬರ್ 1ಕ್ಕೆ ಐಕೊಗೆ 20. ಕೋವಿಡ್‌ನಿಂದ ಜನ ಕಷ್ಟದಲ್ಲಿದ್ದ ಸಮಯ ಅದು. ಅವಳಿಗೆ ಹೊಸದು ಮಾಡಿಸಲಿಲ್ಲ. ಸೋದರತ್ತೆ ಸಯಾಕೊ ಕುರೊಡಾ ಅವರ ಟಿಯಾರಾ ಎರವಲು ತಗೊಂಡು ಡಿಸೆಂಬರ್ 5ರ ಸಮಾರಂಭಕ್ಕೆ ಬಂದಳು. ಈ ಸಯಾಕೊ ಸಾಮಾನ್ಯ ಮನೆತನದವರನ್ನ ಮದುವೆಯಾಗಿ 2005ರಲ್ಲೇ ರಾಜಮನೆತನ ಬಿಟ್ಟು ಹೋದವರು.

ಹಾಗಂತ ಸಮಾರಂಭ ಕಳೆಗುಂದಲಿಲ್ಲ. ಬಿಳಿ ಗೌನ್, ಪಟ್ಟಿ, ಟಿಯಾರಾ ಎಲ್ಲ ಇತ್ತು. ಆ ಟಿಯಾರಾ ಅತ್ತೆಯದು ಅಂತ ಎಲ್ಲರಿಗೂ ಗೊತ್ತಿತ್ತು, ಮುಚ್ಚಿಡಲೂ ಇಲ್ಲ.

ಅತ್ತೆ, ಚಿಕ್ಕಮ್ಮ, ದೊಡ್ಡಮ್ಮನ ಸರ ಎರವಲು ತಗೊಂಡು ಮದುವೆಗೆ ಹೋಗಿರೋರು ನಮ್ಮಲ್ಲಿ ಎಷ್ಟು ಜನ ಇಲ್ಲ? ಫೋಟೋ ಹಾಕುವಾಗ ಮಾತ್ರ ಅದು ನಮ್ಮದೇ ಅನ್ನೋ ಹಾಗೆ ಹಾಕ್ತೀವಿ. ಚಕ್ರವರ್ತಿಯ ಒಬ್ಬಳೇ ಮಗಳು ನಾಚಿಕೆ ಪಡದೆ ಎರವಲು ಹಾಕಿದ್ಮೇಲೆ ನಮಗ್ಯಾಕೆ ಸಂಕೋಚ?

(6/8)
ಇಲ್ಲಿವರೆಗೂ ಹೊಗಳಿದ್ದಾಯ್ತು. ಈಗ ಟೀಕೆ. ಇಲ್ಲಾಂದ್ರೆ ನಾನು ಅರಮನೆಯ ಪಿಆರ್ ಅಂದ್ಕೊಂಡೀರಿ.

ಸ್ಪೇನಿನ ಲಿಯೊನೋರ್, ಸೋಫಿಯಾ ಇಬ್ಬರೂ ಜಾರಾ, ಮ್ಯಾಂಗೋ ಥರದ ಮಾಲ್‌ನಲ್ಲಿ ಸಿಗೋ ಬ್ರ್ಯಾಂಡ್ ಹಾಕ್ತಾರೆ. ಹಾಕಿದ್ದನ್ನೇ ಮತ್ತೆ ಹಾಕ್ತಾರೆ, ಅಮ್ಮ ಲೆಟಿಜಿಯಾ ಅವರ ಕಪಾಟಿಂದಲೂ ತಗೋತಾರೆ. ಲೆಟಿಜಿಯಾ ಮದುವೆಗೆ ಮೊದಲು ಟಿವಿ ಪತ್ರಕರ್ತೆ, ಕ್ಯಾಮೆರಾಗೆ ಏನು ಕಾಣುತ್ತೆ ಅಂತ ಚೆನ್ನಾಗಿ ಗೊತ್ತಿರೋರು. ಇದನ್ನ ನೋಡಿ "ಅಯ್ಯೋ ಎಷ್ಟು ಸಿಂಪಲ್, ನಮ್ಮ ಹಾಗೇ" ಅಂತ ಕರಗೋರು ತುಂಬಾ ಜನ.

ನಮ್ಮ ಹಾಗಲ್ಲ ಕಣ್ರೇ. ಒಂದೇ ಅಂಗಡಿಯ ಡ್ರೆಸ್ ಹಾಕಿದ ಮಾತ್ರಕ್ಕೆ ಬದುಕು ಒಂದೇ ಆಗಲ್ಲ. ಆ ಡ್ರೆಸ್ ಅವಳ ಅಳತೆಗೆ ಸರಿಯಾಗಿ ಕೂರೋ ಹಾಗೆ ಮಾಡಿಕೊಡೋಕೆ ಜನ ಇದ್ದಾರೆ. ಅರಮನೆ ಇದೆ, ಭದ್ರತೆ ಇದೆ, ಹುಟ್ಟಿನಿಂದಲೇ ಸಿಕ್ಕ ಹುದ್ದೆ ಇದೆ. ಸರಳ ಬಟ್ಟೆಯೂ ಒಂದು ಸಂದೇಶವೇ: "ನೋಡಿ, ನಿಮ್ಮ ದುಡ್ಡು ಪೋಲು ಮಾಡ್ತಿಲ್ಲ." ಆ ಸಂದೇಶ ನಿಜವೂ ಇರಬಹುದು, ಆದ್ರೆ ಯೋಚನೆ ಮಾಡಿ ಕಳಿಸಿದ ಸಂದೇಶ ಅನ್ನೋದು ನೆನಪಿರಲಿ.

ರಾಜಕುಮಾರಿ ಹಾಕಿದ ಬಟ್ಟೆ ಅಂಗಡಿಯಲ್ಲಿ ಬೇಗ ಖಾಲಿ ಆಗೋದೂ ಉಂಟು. ಅಂದ್ರೆ ಅವಳ ಮಿತವ್ಯಯ ನೋಡಿ ಮೆಚ್ಚಿದವರು ಹೋಗಿ ಖರ್ಚು ಮಾಡಿ ಬರ್ತಾರೆ! ಅವಳಿಂದ ಏನಾದ್ರೂ ಕಲಿಯೋದಿದ್ರೆ ಹಳೇದನ್ನೇ ಎರಡನೇ ಸಲ ಹಾಕೋದನ್ನ ಕಲಿಯೋಣ. ಅದಕ್ಕೆ ಒಂದು ರೂಪಾಯಿಯೂ ಬೇಡ.

ದುಡ್ಡಿನ ಪ್ರಶ್ನೆ ಕೇಳೋದೂ ಸರಿ. 2021ರಲ್ಲಿ ಅಮಾಲಿಯಾಗೆ 18 ಆದ್ಮೇಲೆ ವರ್ಷಕ್ಕೆ ಸುಮಾರು 16 ಲಕ್ಷ ಯೂರೋ ಸಿಗಬೇಕಿತ್ತು. ಓದ್ತಾ ಇರುವಾಗ ಅದನ್ನ ತಗೊಳ್ಳೋದು ಸರಿ ಅನ್ನಿಸ್ತಿಲ್ಲ ಅಂತ ಅವಳೇ ಪ್ರಧಾನಿ ಮಾರ್ಕ್ ರುಟ್ಟೆಗೆ ಪತ್ರ ಬರೆದು ಬೇಡ ಅಂದಳು. ನೋಡಿ, ಸಾರ್ವಜನಿಕ ಹಣದ ಬಗ್ಗೆ ಸಾರ್ವಜನಿಕವಾಗಿ ಮಾತಾಡಿದ್ರೆ ಇಂಥ ಉತ್ತರ ಬರೋಕೆ ಸಾಧ್ಯ.

(7/8)
ಆದ್ರೆ ಅದೇ ಅಮಾಲಿಯಾಗೆ ಜನ ಏನು ಮಾಡಿದ್ರು?

2022ರಲ್ಲಿ, ಅವಳಿಗೆ 18 ವರ್ಷ, ಅರ್ಜೆಂಟೀನಾದ ಒಂದು ಪತ್ರಿಕೆ ಅವಳ ಫೋಟೋ ಮುಖಪುಟಕ್ಕೆ ಹಾಕಿ ಅವಳ ಮೈ ಗಾತ್ರವನ್ನೇ ಸುದ್ದಿ ಮಾಡಿತು. ಹೊಗಳೋ ಧಾಟಿಯಲ್ಲೇ! "ಪ್ಲಸ್ ಸೈಜ್" ಅಂತ, ಹೆಮ್ಮೆಯ ಲುಕ್ ಅಂತ. ಓದುಗರು ಸಿಟ್ಟಾದರು, ಆಗಲೇಬೇಕಿತ್ತು. ಅಮಾಲಿಯಾಳ ತಾಯಿ ಮ್ಯಾಕ್ಸಿಮಾ ಅರ್ಜೆಂಟೀನಾದವರೇ, ಅಂದ್ರೆ ಇದು ತವರಿಂದ ಬಂದ ಏಟು.

"ಹೊಗಳಿದ್ದು ತಾನೇ, ಏನೀಗ?" ಅನ್ನಬಹುದು ನೀವು. ಮದುವೆ ಮನೆಯಲ್ಲಿ ಯಾರೋ ಆಂಟಿ ಬಂದು "ಏನಮ್ಮಾ, ಮೈಕೈ ತುಂಬ್ಕೊಂಡು ಲಕ್ಷಣವಾಗಿದ್ದೀಯ" ಅಂದಾಗ ನಿಮಗೆ ಹೇಗನ್ನಿಸುತ್ತೆ? ಮಾತು ಹೊಗಳಿಕೆಯದೇ. ಆದ್ರೂ ಆ ಕ್ಷಣದಿಂದ ಇಡೀ ಮದುವೆ ಮುಗಿಯೋವರೆಗೂ ದುಪಟ್ಟಾ ಸರಿಮಾಡ್ಕೊಳ್ತಾ ಇರ್ತೀವಿ. ಅಳತೆಪಟ್ಟಿ ಹಿಡಿದವರು ನಗುತ್ತಾ ಹಿಡಿದ್ರೂ ಅದು ಅಳತೆಪಟ್ಟಿಯೇ.

ಅಮಾಲಿಯಾಳ 18ನೇ ಹುಟ್ಟುಹಬ್ಬದ ಹೊತ್ತಿಗೆ ಕ್ಲೌಡಿಯಾ ಡೆ ಬ್ರೈ ಬರೆದ ಪುಸ್ತಕದಲ್ಲಿ, ಮನಸ್ಸು ಭಾರ ಆದಾಗ ತಾನು ಮನಃಶಾಸ್ತ್ರದ ತಜ್ಞರ ಸಹಾಯ ತಗೋತೀನಿ ಅಂತ ಅವಳು ಮುಚ್ಚುಮರೆ ಇಲ್ಲದೆ ಹೇಳಿದಾಳೆ. 2022ರ ಅಕ್ಟೋಬರಲ್ಲಿ ಬೆದರಿಕೆಗಳ ಕಾರಣಕ್ಕೆ ಆಮ್‌ಸ್ಟರ್‌ಡ್ಯಾಮಿನ ಸ್ಟೂಡೆಂಟ್ ಮನೆ ಬಿಟ್ಟು ಅಪ್ಪ ಅಮ್ಮನ ಜೊತೆ ಇರೋಕೆ ವಾಪಸ್ ಬರಬೇಕಾಯ್ತು. ಇಷ್ಟೆಲ್ಲ ಹೊತ್ತಿರೋ ಹುಡುಗಿ ಅವಳು. ಅವಳ ಫೋಟೋ ಕೆಳಗೆ ಸೊಂಟದ ಬಗ್ಗೆ ಬರೆದು ಏನು ಸಾಧಿಸಿದ ಹಾಗಾಯ್ತು?

ಆ ದೇಶದಲ್ಲಿ 2005ರಿಂದ ಒಂದು ಮಾಧ್ಯಮ ನಿಯಮ ಇದೆ. ಅಧಿಕೃತ ಕಾರ್ಯಕ್ರಮಗಳಲ್ಲಿ ಫೋಟೋ ತೆಗೀಬಹುದು, ರಾಜಮನೆತನದವರ ಖಾಸಗಿ ಬದುಕಿಗೆ ಕ್ಯಾಮೆರಾ ಹಾಕಬಾರದು. ಒಳ್ಳೇದೇ. ಆದ್ರೆ ಆ ನಿಯಮ ಕ್ಯಾಮೆರಾ ಹಿಡಿದವರನ್ನ ಮಾತ್ರ ತಡೆಯುತ್ತೆ, ಕಮೆಂಟ್ ಬಾಕ್ಸಿನವರೆಗೆ ಬರಲ್ಲ. ಅಲ್ಲಿ ನಿಯಮ ನಾವೇ ಹಾಕ್ಕೋಬೇಕು.

(8/8)
ಹಾಗಾಗಿ ನನ್ನ ನಿಯಮ ಇದು. ನಿಮಗೂ ಸರಿ ಅನ್ನಿಸಿದ್ರೆ ತಗೊಳ್ಳಿ.

ಕೇಳಬಹುದಾದ್ದು: ಇದನ್ನ ಯಾಕೆ ಹಾಕಿದಾಳೆ? ಈ ಬಣ್ಣಕ್ಕೆ ಏನರ್ಥ? ದುಡ್ಡು ಯಾರದು? ಇದರಲ್ಲಿ ಆರಾಮಾಗಿ ನಡೆಯೋಕಾಗುತ್ತಾ? ಹುಡುಗನಾಗಿದ್ರೆ ಇದೇ ಪ್ರಶ್ನೆ ಕೇಳ್ತಿದ್ವಾ?

ಕೇಳಬಾರದ್ದು: ಎಷ್ಟು ತೂಕ? ಬಣ್ಣ ಬಿಳಿಯೋ ಕಪ್ಪೋ? ಅಕ್ಕ ಚಂದವೋ ತಂಗಿ ಚಂದವೋ?

"ಅವರು ಎಲ್ಲೋ ಇದ್ದಾರೆ, ಕನ್ನಡದ ಕಮೆಂಟ್ ಓದ್ತಾರಾ?" ಅಂತ ಕೇಳೋರಿದ್ದಾರೆ. ನಿಜ, ಲಿಯೊನೋರ್ ಓದಲ್ಲ. ಅಮಾಲಿಯಾ ಓದಲ್ಲ. ಓದೋದು ನಿಮ್ಮ ಪಕ್ಕದ ಬೆಂಚಿನವಳು. "ಇಷ್ಟು ಸಣ್ಣ ಇರೋಳನ್ನೇ ದಪ್ಪ ಅಂತಾರೆ, ಇನ್ನು ನನ್ನ ಬಗ್ಗೆ ಏನಂದ್ಕೊಂಡಿರಬಹುದು" ಅಂತ ಅವಳು ಲೆಕ್ಕ ಹಾಕ್ತಾಳೆ. ಮುಂದಿನ ಎಥ್ನಿಕ್ ಡೇಗೆ ಹುಷಾರಿಲ್ಲ ಅಂತ ರಜೆ ಹಾಕ್ತಾಳೆ. ನೀವು ಬರೆದದ್ದು ಸಾವಿರಾರು ಕಿಲೋಮೀಟರ್ ದೂರದ ರಾಜಕುಮಾರಿಗೆ, ತಟ್ಟಿದ್ದು ಮೂರಡಿ ದೂರದ ಗೆಳತಿಗೆ.

2019ರ ನವೆಂಬರಲ್ಲಿ ಬಾರ್ಸಿಲೋನಾದ ವೇದಿಕೆ ಮೇಲೆ 14 ವರ್ಷದ ಲಿಯೊನೋರ್ ಸ್ಪ್ಯಾನಿಷ್, ಕಟಲಾನ್, ಇಂಗ್ಲಿಷ್, ಅರಬಿ ನಾಲ್ಕೂ ಭಾಷೆಯಲ್ಲಿ ಮಾತಾಡಿದಳು. ನಮಗೆ ಎಸೆಂಬ್ಲಿಯಲ್ಲಿ ಒಂದು ಭಾಷೇಲಿ ನ್ಯೂಸ್ ಓದೋಕೇ ಕಾಲು ನಡುಗುತ್ತೆ. ಅವತ್ತು ಅವಳೇನು ಹಾಕಿದ್ದಳು ಅಂತ ಈ ಪೋಸ್ಟಿನಲ್ಲಿ ನಾನು ಬರೆಯಲ್ಲ.

ನಿಮ್ಮ ಅಭಿಪ್ರಾಯ ಕೆಳಗೆ ಬರೀರಿ. ನನ್ನ ಮಾತು ಒಪ್ಪದಿದ್ರೂ ಪರವಾಗಿಲ್ಲ, ಜಗಳ ಆಡೋಣ. ಯಾರ ಮೈ ಬಗ್ಗೆಯಾದ್ರೂ ಬರೆದ್ರೆ ಮಾತ್ರ ಡಿಲೀಟ್ ಮಾಡ್ತೀನಿ, ಕ್ಲಾಸ್‌ಮೇಟ್ ಆಗಿದ್ರೂ ಸರಿ.

#ಬಟ್ಟೆಮಾತು #ಮೈಅಳೀಬೇಡಿ #ಕನ್ನಡದಲ್ಲಿಓದಿ