ಇಸಿಜಿ ನಾರ್ಮಲ್ ಬಂದ್ರೂ ಭಯ ಹೋಗ್ತಿಲ್ಲ ಯಾಕೆ?

ಹಾಸನ: ಜಿಲ್ಲೆಯಲ್ಲಿ ಹಠಾತ್ ಸಾವಿನ ಸುದ್ದಿ ಒಂದರ ಹಿಂದೆ ಒಂದು ಬಂದ 2025ರ ಜೂನ್-ಜುಲೈನಲ್ಲಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗ್ಗೆಯೇ ಉದ್ದದ ಕ್ಯೂ. ನೋವಿದ್ದವರ ಜೊತೆ, 'ಯಾವುದಕ್ಕೂ ಒಂದ್ಸಲ ಚೆಕ್ ಮಾಡಿಸಿಬಿಡೋಣ' ಅಂತ ಅಂಗಡಿ ಬಾಗಿಲು ಹಾಕಿ ಬಸ್ ಹತ್ತಿದವರೂ ಅದೇ ಸಾಲಿನಲ್ಲಿದ್ದರು.

ಜುಲೈನಲ್ಲಿ 24 ಸಾವುಗಳ ಪರಿಶೀಲನಾ ವರದಿ ಬಂತು. ಜಿಲ್ಲೆಯಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ ಎಂದು ಸರ್ಕಾರ ಹೇಳಿತು. ಪಟ್ಟಿಯಲ್ಲಿದ್ದ ಕೆಲವು ಸಾವುಗಳಿಗೆ ಹೃದಯ ಕಾರಣವೇ ಆಗಿರಲಿಲ್ಲ. ಆದರೂ ಜನರ ಭಯ ಇಳಿಯಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಆಸ್ಪತ್ರೆಗಳಲ್ಲಿ ಇಂಥದ್ದೇ ನೂಕುನುಗ್ಗಲು ಆಗಿತ್ತು.

ಭಯವಾದಾಗ ಎದೆ ಡವಡವ ಅನ್ನುತ್ತದೆ, ಬೆವರು ಬರುತ್ತದೆ, ಎದೆ ಬಿಗಿಯುತ್ತದೆ. ಹೃದಯಾಘಾತದ ಲಕ್ಷಣ ಅಂತ ಮೊಬೈಲ್‌ನಲ್ಲಿ ಓದಿದ್ದೂ ಇದೇ. ಹೀಗಾಗಿ ಗಾಬರಿಯೇ ಗಾಬರಿಗೆ ಸಾಕ್ಷಿ ಆಗಿಬಿಡುತ್ತದೆ. ರಿಪೋರ್ಟ್ ನಾರ್ಮಲ್ ಬಂದರೆ ನಾಲ್ಕು ದಿನ ಸಮಾಧಾನ. ವಾಟ್ಸಾಪ್‌ನಲ್ಲಿ ಇನ್ನೊಂದು ಸಾವಿನ ಸುದ್ದಿ ಬಂದರೆ ಮತ್ತೆ ಅದೇ ಕಥೆ.

ರಶ್ ಇರುವ ಒಪಿಡಿಯಲ್ಲಿ ಡಾಕ್ಟರ್‌ಗೆ ಸಿಗುವುದು ಎರಡು ನಿಮಿಷ. 'ಏನಿಲ್ಲ, ಹೋಗಿ' ಅಂದರೆ ರೋಗಿಗೆ 'ಸರಿಯಾಗಿ ನೋಡ್ಲೇ ಇಲ್ಲ' ಅನಿಸುತ್ತದೆ. ಅಲ್ಲಿಂದ ಇನ್ನೊಂದು ಆಸ್ಪತ್ರೆ, ಇನ್ನೊಂದು ಟೆಸ್ಟ್, ಮತ್ತೆ ಖರ್ಚು. ಏನಿಲ್ಲ ಅನ್ನುವುದಕ್ಕಿಂತ, ಎದೆ ಯಾಕೆ ಹೀಗೆ ಬಡಿದುಕೊಳ್ಳುತ್ತಿದೆ ಎಂದು ಬಿಡಿಸಿ ಹೇಳಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಇದರ ಪೆಟ್ಟು ಬೀಳುವುದು ನಿಜವಾಗಿ ನೋವಿರುವವರಿಗೆ. ಹೃದಯಾಘಾತದಲ್ಲಿ ಒಂದೊಂದು ನಿಮಿಷವೂ ಲೆಕ್ಕ. ಎದೆನೋವು, ಬೆವರು, ಉಸಿರಾಟದ ತೊಂದರೆ ಒಟ್ಟಿಗೆ ಬಂದರೆ 'ಗ್ಯಾಸ್ ಇರ್ಬೇಕು' ಅಂತ ಕೂರಬಾರದು. ಹಾಗಂತ ಮೈಸೂರಿಗೇ ಓಡಬೇಕಾಗಿಲ್ಲ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ದೊಡ್ಡಾಸ್ಪತ್ರೆ ತಜ್ಞರ ಸಲಹೆ ಪಡೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ತುರ್ತಿಗೆ 108 ಇದೆ.

ನೋವಿಲ್ಲದವರು ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡಿಸಿಕೊಳ್ಳಲಿ. ಬೀಡಿ-ಸಿಗರೇಟು ಬಿಡುವುದು ಯಾವ ಸ್ಕ್ಯಾನಿಂಗ್‌ಗಿಂತಲೂ ಅಗ್ಗ. ರಿಪೋರ್ಟ್ ಸರಿಯಿದ್ದೂ ರಾತ್ರಿ ನಿದ್ದೆ ಬರದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಕಾಸು ಕೇಳುವುದಿಲ್ಲ. ಅದಕ್ಕೆ ನಾಚಿಕೆಪಡುವಂಥದ್ದೇನಿಲ್ಲ, ಭಯವೂ ಆರೈಕೆ ಬೇಡುವ ತೊಂದರೆಯೇ.